ಪಕ್ಕದ ಸೀಟಿನವರ ಕೆಲಸ ಹೋದಾಗ: ಮೊದಲ ದಿನದಿಂದ ಹೊಸ ಆಫರ್‌ವರೆಗೆ ಮಾಡಬಹುದಾದ್ದು

"ಏನಾದ್ರೂ ಬೇಕಿದ್ರೆ ಹೇಳಿ, ಸಂಕೋಚ ಮಾಡ್ಕೋಬೇಡಿ."

ಲೇಆಫ್ ಆದ ದಿನ ಎಲ್ಲರ ಬಾಯಲ್ಲೂ ಬರುವ ಮಾತು ಇದು. ಮನಸ್ಸಿನಿಂದಲೇ ಬರುತ್ತದೆ, ಆದರೆ ಕೆಲಸಕ್ಕೆ ಬರುವುದಿಲ್ಲ. ತನಗೆ ಏನು ಬೇಕು, ಯಾರನ್ನು ಕೇಳಬೇಕು, ಕೇಳಿದರೆ ಏನಂದುಕೊಳ್ಳುತ್ತಾರೋ ಎಂದು ಯೋಚಿಸುವ ಭಾರವೆಲ್ಲ ಕೆಲಸ ಕಳೆದುಕೊಂಡವರ ತಲೆಯ ಮೇಲೇ ಉಳಿಯುತ್ತದೆ. ಅದರ ಬದಲು "ನಾಳೆ ಹನ್ನೊಂದಕ್ಕೆ ಫೋನ್ ಮಾಡ್ತೀನಿ, ಪಿಎಫ್ ಪೋರ್ಟಲ್ ಒಟ್ಟಿಗೆ ತೆಗೆದು ನೋಡೋಣ" ಅನ್ನಿ. ಒಂದು ಕೆಲಸ, ಒಂದು ಸಮಯ. ಬೇಡ ಎನ್ನುವುದಕ್ಕೂ ಅವರಿಗೆ ಸುಲಭ.

2001ರಲ್ಲಿ, 2008ರಲ್ಲಿ ಬೆಂಗಳೂರಿನ ಐಟಿ ಈ ಬಿಸಿ ಕಂಡಿದೆ. 2022ರ ನವೆಂಬರ್‌ನಲ್ಲಿ ಮೆಟಾ 11,000, 2023ರ ಜನವರಿಯಲ್ಲಿ ಗೂಗಲ್ 12,000, ಮೈಕ್ರೋಸಾಫ್ಟ್ 10,000 ಮಂದಿಯನ್ನು ಜಗತ್ತಿನಾದ್ಯಂತ ಕಡಿತ ಮಾಡುವುದಾಗಿ ಪ್ರಕಟಿಸಿದವು. 2025ರ ಜುಲೈನಲ್ಲಿ ಟಿಸಿಎಸ್ ಸುಮಾರು 12,000 ಹುದ್ದೆ ಕಡಿಮೆ ಮಾಡುವುದಾಗಿ ಹೇಳಿತು. ಇಂಥ ಕಾಲದಲ್ಲಿ ಕೆಲಸ ಹೋಗುವುದಕ್ಕೂ ಕೆಲಸಗಾರರ ಯೋಗ್ಯತೆಗೂ ಸಂಬಂಧ ಕಡಿಮೆ. ಹಾಗಿದ್ದರೂ ನಾಚಿಕೆ ಮಾತ್ರ ಪೂರ್ತಿ ಅವರ ಪಾಲಿಗೇ ಬರುತ್ತದೆ. ಮುಂದಿನ ಹಂತಗಳನ್ನು ದಿನಗಳ ಲೆಕ್ಕದಲ್ಲಿ ಬರೆದಿದ್ದೇವೆ, ಏಕೆಂದರೆ ಇಲ್ಲಿ ತಡವಾದ ಸಹಾಯ ಎಷ್ಟೋ ಸಲ ಸಹಾಯವೇ ಆಗುವುದಿಲ್ಲ.

ಸುದ್ದಿ ಬಂದ ದಿನ

ಮೆಸೇಜ್ ಮಾಡುವ ಬದಲು ಫೋನ್ ಮಾಡಿ, ಅಥವಾ ಎದುರಿಗೆ ಹೋಗಿ. ಎತ್ತದಿದ್ದರೆ ಎರಡು ಸಾಲು ಸಾಕು: "ವಿಷಯ ಗೊತ್ತಾಯ್ತು. ಈಗ ಮಾತಾಡಲೇಬೇಕು ಅಂತೇನಿಲ್ಲ. ಸಂಜೆ ಏಳಕ್ಕೆ ಮತ್ತೆ ಫೋನ್ ಮಾಡ್ತೀನಿ." ಏಳಕ್ಕೆ ಮಾಡಿ, ಏಳೂವರೆಗಲ್ಲ.

ಆಡಬಾರದ ಮಾತುಗಳನ್ನು ತಿಳಿದುಕೊಂಡರೆ ಅರ್ಧ ಕೆಲಸ ಮುಗಿದಂತೆ. "ಆಗೋದೆಲ್ಲ ಒಳ್ಳೇದಕ್ಕೇ" ಎನ್ನುವುದು ಇಎಂಐ ಕಟ್ಟಬೇಕಾದವರ ಕಿವಿಗೆ ಕುಹಕದಂತೆ ಕೇಳುತ್ತದೆ. "ನಿಮಗೇನ್ರೀ, ನಿಮ್ಮ ಸ್ಕಿಲ್‌ಗೆ ಹತ್ತು ಕಂಪನಿ ಕ್ಯೂ ನಿಲ್ತಾವೆ" ಎಂದರೆ, ಎರಡು ತಿಂಗಳಾದರೂ ಒಂದು ಕಂಪನಿಯೂ ಕರೆಯದಿದ್ದಾಗ ನಿಮ್ಮ ಹತ್ತಿರ ಹೇಳಿಕೊಳ್ಳುವ ಬಾಗಿಲೇ ಮುಚ್ಚಿಹೋಗುತ್ತದೆ. "ನಂಗೆ ಮೊದಲೇ ಡೌಟ್ ಇತ್ತು" ಅನ್ನಲೇಬೇಡಿ. ಎಷ್ಟು ತಿಂಗಳ ಸಂಬಳ ಕೊಟ್ಟರು ಎಂದು ನೀವಾಗಿ ಕೇಳಬೇಡಿ.

ಆಫೀಸಿನಲ್ಲೇ ಸುದ್ದಿ ಬಂದಿದ್ದರೆ ಮನೆವರೆಗೆ ಜೊತೆಗೆ ಹೋಗಿ. ಆ ಮನಃಸ್ಥಿತಿಯಲ್ಲಿ ಔಟರ್ ರಿಂಗ್ ರೋಡಿನಲ್ಲಿ ಬೈಕ್ ಓಡಿಸುವುದು ಬೇಡ. ಬೈಕ್ ಪಾರ್ಕಿಂಗ್‌ನಲ್ಲೇ ಇರಲಿ, ಕ್ಯಾಬ್ ಹಿಡಿಯಿರಿ. ಆದರೆ ಆ ದಿನವೇ ಪ್ರವೇಶದ ಕಾರ್ಡ್ ರದ್ದಾಗಬಹುದು. ಹಾಗಾಗಿ ಬೈಕ್ ಹೊರತೆಗೆಯುವುದು ಹೇಗೆಂದು ಸೆಕ್ಯುರಿಟಿಯವರನ್ನು ಮೊದಲೇ ಕೇಳಿಟ್ಟುಕೊಳ್ಳಿ.

ಇನ್ನೊಂದು ವಿಷಯ: ಮನೆಯಲ್ಲಿ ಗೊತ್ತೇ ಎಂದು ಮೆಲ್ಲಗೆ ಕೇಳಿ. ವಾರಗಟ್ಟಲೆ ಮನೆಯವರಿಂದ ಮುಚ್ಚಿಟ್ಟು, ಬೆಳಿಗ್ಗೆ ಬ್ಯಾಗ್ ಏರಿಸಿಕೊಂಡು ಹೊರಟು ಲೈಬ್ರರಿಯಲ್ಲೋ ಮಾಲ್‌ನಲ್ಲೋ ಹೊತ್ತು ಕಳೆಯುವವರು ಕಡಿಮೆಯೇನಿಲ್ಲ. ಗೊತ್ತಿಲ್ಲ ಎಂದರೆ, ಅವರ ಮನೆಗೆ ಫೋನ್ ಮಾಡುವ, ಸಂಬಂಧಿಕರಿಗೆ ಹೇಳುವ, ಲಿಂಕ್ಡ್‌ಇನ್‌ನಲ್ಲಿ ಅವರ ಹೆಸರು ಟ್ಯಾಗ್ ಮಾಡಿ "ದಯವಿಟ್ಟು ಸಹಾಯ ಮಾಡಿ" ಎಂದು ಹಾಕುವ ಉಪಕಾರ ಮಾಡಬೇಡಿ. ಸುದ್ದಿ ಅವರದು. ಯಾರಿಗೆ, ಯಾವಾಗ ಹೇಳಬೇಕೆಂದು ಅವರೇ ತೀರ್ಮಾನಿಸಲಿ.

ಲಾಗಿನ್ ಮುಚ್ಚುವ ಮೊದಲು

ನಿಜವಾಗಿ ಗಡಿಬಿಡಿ ಮಾಡಬೇಕಾದ್ದು ಇಲ್ಲಿ. ಕೆಲವೆಡೆ ಕೊನೇ ದಿನದವರೆಗೆ ಲಾಗಿನ್ ಇರುತ್ತದೆ, ಕೆಲವೆಡೆ ಮೀಟಿಂಗ್ ಮುಗಿಯುವಷ್ಟರಲ್ಲಿ ಹೋಗಿರುತ್ತದೆ. ಅವಕಾಶ ಇದ್ದರೆ ಪಕ್ಕದಲ್ಲಿ ಕುಳಿತು ಒಂದೊಂದಾಗಿ ನೆನಪಿಸಿ. ಎಚ್‌ಆರ್ ಪೋರ್ಟಲ್‌ನಿಂದ ಎಲ್ಲ ಪೇಸ್ಲಿಪ್‌ಗಳು (ಕೊನೆಯ ಆರು ತಿಂಗಳದ್ದಂತೂ ಬೇಕೇ ಬೇಕು, ಮುಂದಿನ ಕಂಪನಿ ಕೇಳುತ್ತದೆ), ಫಾರ್ಮ್ 16 (ಸಂಬಳದಿಂದ ಕಡಿತವಾದ ತೆರಿಗೆಯ ಪತ್ರ), ಆಫರ್ ಲೆಟರ್, ಪ್ರತಿ ವರ್ಷದ ಸಂಬಳ ಪರಿಷ್ಕರಣೆಯ ಪತ್ರ, ಅಪ್ರೈಸಲ್‌ನ ಫಲಿತಾಂಶ, ಉಳಿದ ರಜೆಯ ಲೆಕ್ಕ, ಗುಂಪು ವಿಮೆಯ ಇ-ಕಾರ್ಡ್ ಮತ್ತು ಪಾಲಿಸಿ ಸಂಖ್ಯೆ, ಬಾಕಿ ಇರುವ ರೀಇಂಬರ್ಸ್‌ಮೆಂಟ್ ಬಿಲ್‌ಗಳು. ಪಿಎಫ್, ಬ್ಯಾಂಕ್, ಆದಾಯ ತೆರಿಗೆಯ ಖಾತೆಗಳಿಗೆ ಆಫೀಸ್ ಇಮೇಲ್ ಕೊಟ್ಟಿದ್ದರೆ ಅದನ್ನು ಸ್ವಂತ ಇಮೇಲ್‌ಗೆ ಬದಲಿಸಿಕೊಳ್ಳಬೇಕು. ಇದನ್ನು ಮರೆತರೆ ಪಾಸ್‌ವರ್ಡ್ ಬದಲಿಸುವ ಸಂದೇಶ ಮುಚ್ಚಿಹೋದ ಡಬ್ಬಿಗೆ ಹೋಗಿ ಬೀಳುತ್ತದೆ.

ಕಂಪನಿಯ ಕೋಡ್, ಗ್ರಾಹಕರ ಪಟ್ಟಿ, ವಿನ್ಯಾಸದ ಕಡತ ಯಾವುದನ್ನೂ ಸ್ವಂತ ಇಮೇಲ್‌ಗೆ ಕಳಿಸಿಕೊಳ್ಳಲು ಬಿಡಬೇಡಿ. "ನಾನೇ ಬರೆದದ್ದು ತಾನೇ" ಎಂಬ ವಾದ ನಿಲ್ಲುವುದಿಲ್ಲ. ಪರಿಹಾರದ ಹಣ ತಡೆಹಿಡಿಯಲು ಕಂಪನಿಗೆ ಒಳ್ಳೆಯ ನೆಪ ಸಿಕ್ಕಂತಾಗುತ್ತದೆ. ಹಾಗೆಯೇ ಈ ವಿಷಯಗಳನ್ನು ಆಫೀಸಿನ ಚಾಟ್‌ನಲ್ಲಿ ಮಾತಾಡಬೇಡಿ. ಕಂಪನಿಯ ಬೈಗುಳವನ್ನೂ ಅಲ್ಲಿ ಹಾಕಬೇಡಿ.

ಎಚ್‌ಆರ್ ಮುಂದಿಟ್ಟ ಕಾಗದಕ್ಕೆ ಅಲ್ಲೇ ಸಹಿ ಹಾಕುವ ಒತ್ತಡ ಇರುತ್ತದೆ. ನೀವು ಕಲಿಸಿಕೊಡಬಹುದಾದ ವಾಕ್ಯ ಇಷ್ಟೇ: "ಓದಿ ನೋಡಲು ಎರಡು ದಿನ ಸಮಯ ಬೇಕು, ಪ್ರತಿಯನ್ನು ನನ್ನ ಸ್ವಂತ ಇಮೇಲ್‌ಗೆ ಕಳಿಸಿ." ಓದುವಾಗ ಮೂರು ಕಡೆ ಕಣ್ಣಿಡಿ. ಒಂದು, ಇದು ರಾಜೀನಾಮೆಯೋ, ಕಂಪನಿ ತೆಗೆದದ್ದೋ. ರಾಜೀನಾಮೆ ಎಂದು ಬರೆದುಕೊಟ್ಟರೆ ಮುಂದೆ ಹಕ್ಕು ಕೇಳುವುದು ಕಷ್ಟ. ಎರಡು, ಕಾರಣ ಏನೆಂದು ಬರೆದಿದ್ದಾರೆ. ಹುದ್ದೆಯೇ ರದ್ದಾದದ್ದಾದರೆ ಕೆಲಸ ಚೆನ್ನಾಗಿರಲಿಲ್ಲ ಎಂಬ ಅರ್ಥ ಬರುವ ಸಾಲನ್ನು ತೆಗೆಸಬೇಕು. ಮೂರು, ಜಾಯಿನಿಂಗ್ ಬೋನಸ್ ಅಥವಾ ಊರು ಬದಲಾವಣೆಯ ಖರ್ಚನ್ನು ವಾಪಸ್ ಹಿಡಿದುಕೊಳ್ಳುವ ಷರತ್ತು. ಕಂಪನಿಯೇ ಕಳಿಸುತ್ತಿರುವಾಗ ಅದನ್ನು ಬಿಡಿ ಎಂದು ಕೇಳುವುದರಲ್ಲಿ ತಪ್ಪಿಲ್ಲ. ಕೇಳಿದವರಿಗೆ ಎಷ್ಟೋ ಸಲ ಬಿಟ್ಟೂ ಬಿಡುತ್ತಾರೆ.

ಹೆರಿಗೆ ರಜೆಯಲ್ಲಿರುವವರ ಹೆಸರು ಪಟ್ಟಿಯಲ್ಲಿದ್ದರೆ ಕೂಡಲೇ ವಕೀಲರನ್ನು ಕಾಣಲು ಹೇಳಿ. ಆ ರಜೆಯ ಅವಧಿಯಲ್ಲಿ ಕೆಲಸದಿಂದ ತೆಗೆಯುವುದನ್ನು ಕಾನೂನು ನಿಷೇಧಿಸಿದೆ. ಉಚಿತ ಕಾನೂನು ನೆರವಿಗೆ 15100 ಸಂಖ್ಯೆ ಇದೆ, ಮಹಿಳೆಯರು ಆದಾಯದ ಮಿತಿಯಿಲ್ಲದೆ ಈ ನೆರವಿಗೆ ಅರ್ಹರು. ಬೆಂಗಳೂರಿನಲ್ಲಿ ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನದಲ್ಲಿ ಕಾರ್ಮಿಕ ಇಲಾಖೆಗೆ ದೂರು ಕೊಡಬಹುದು, ಐಟಿ ನೌಕರರ ಯೂನಿಯನ್ ಕೆಐಟಿಯು ಕೂಡ ಇಂಥ ಪ್ರಕರಣಗಳನ್ನು ಎತ್ತಿಕೊಳ್ಳುತ್ತದೆ. ದೂರು ಕೊಡಲೇಬೇಕೆಂದು ನೀವು ಒತ್ತಾಯಿಸಬೇಡಿ. ಹೋಗುವುದಾದರೆ ಜೊತೆಗೆ ಹೋಗಿ.

ಮೊದಲ ವಾರ: ವಿಮೆ ಮೊದಲು, ಉಳಿದದ್ದು ಆಮೇಲೆ

ಎಲ್ಲರೂ ಮೊದಲು ಪಿಎಫ್ ಬಗ್ಗೆ ಕೇಳುತ್ತಾರೆ. ಪಿಎಫ್ ಎಲ್ಲಿಗೂ ಓಡಿಹೋಗುವುದಿಲ್ಲ. ಓಡಿಹೋಗುವುದು ಆರೋಗ್ಯ ವಿಮೆ. ಕಂಪನಿಯ ಗುಂಪು ವಿಮೆ ಸಾಮಾನ್ಯವಾಗಿ ಕೆಲಸದ ಕೊನೇ ದಿನಕ್ಕೇ ನಿಲ್ಲುತ್ತದೆ, ಅದರೊಡನೆ ಅಪ್ಪ ಅಮ್ಮನ ರಕ್ಷಣೆಯೂ ಹೋಗುತ್ತದೆ. ಹೊಸದಾಗಿ ಪಾಲಿಸಿ ತೆಗೆದುಕೊಂಡರೆ ಅಪಘಾತ ಬಿಟ್ಟು ಉಳಿದದ್ದಕ್ಕೆ ಸಾಮಾನ್ಯವಾಗಿ ಮೊದಲ 30 ದಿನ ಕ್ಲೇಮ್ ಇಲ್ಲ. ಮೊದಲೇ ಇದ್ದ ಬಿಪಿ, ಶುಗರ್‌ನಂಥ ಕಾಯಿಲೆಗೆ 3 ವರ್ಷದವರೆಗೆ ಕಾಯಿಸಬಹುದು.

ಇದಕ್ಕೆ ದಾರಿ ಇದೆ. ಗುಂಪು ವಿಮೆಯಲ್ಲಿದ್ದವರು ಅದೇ ವಿಮಾ ಕಂಪನಿಯ ವೈಯಕ್ತಿಕ ಪಾಲಿಸಿಗೆ ಬದಲಾಗಬಹುದು. ಆಗ ಗುಂಪಿನಲ್ಲಿ ಕಳೆದ ಕಾಲ ಕಾಯುವಿಕೆಯ ಲೆಕ್ಕಕ್ಕೆ ಸೇರುತ್ತದೆ. ಆದರೆ ಅರ್ಜಿ ರಕ್ಷಣೆ ನಿಲ್ಲುವ ಮೊದಲೇ ಹೋಗಬೇಕು. ತಿಂಗಳಿಗೂ ಮುಂಚೆ ಹೋದರೆ ಒಳ್ಳೆಯದು. ಎಲ್ಲರೂ ಎಡವುವುದು ಈ ಹೆಜ್ಜೆಯಲ್ಲೇ: "ಹೊಸ ಕೆಲಸ ಸಿಕ್ಕೇ ಸಿಗುತ್ತಲ್ಲ" ಎಂದು ಬಿಟ್ಟು, ಎರಡನೇ ತಿಂಗಳಲ್ಲಿ ಅಮ್ಮನನ್ನು ಆಸ್ಪತ್ರೆಗೆ ಸೇರಿಸಬೇಕಾಗುತ್ತದೆ. ನೀವು ಮಾಡಬೇಕಾದ್ದು: ಅದೇ ವಾರ ವಿಮಾ ಕಂಪನಿಗೆ ಫೋನ್ ಹಚ್ಚಿ ಅರ್ಜಿ ತರಿಸಿ, ಅವರೊಡನೆ ಕುಳಿತು ತುಂಬಿಸುವುದು. ಕಾಯಿಲೆಗಳನ್ನು ಮುಚ್ಚಿಡಲು ಬಿಡಬೇಡಿ, ಮುಂದೆ ಕ್ಲೇಮ್ ತಿರಸ್ಕಾರವಾಗುವುದು ಅದರಿಂದಲೇ. ಹೆರಿಗೆ ಅಥವಾ ಶಸ್ತ್ರಚಿಕಿತ್ಸೆ ಹತ್ತಿರವಿದ್ದರೆ, ಒಂದಷ್ಟು ತಿಂಗಳು ಗುಂಪು ವಿಮೆ ಮುಂದುವರಿಸಿ ಎಂದು ಎಚ್‌ಆರ್‌ಗೆ ಲಿಖಿತವಾಗಿ ಕೇಳಬೇಕು. ಹಣದ ಬದಲು ಇದನ್ನು ಕೊಡುವುದು ಕಂಪನಿಗೂ ಸುಲಭ.

ಎರಡನೆಯದು ಫುಲ್ ಅಂಡ್ ಫೈನಲ್, ಅಂದರೆ ಕಂಪನಿ ಕೊಡಬೇಕಾದ ಎಲ್ಲ ಬಾಕಿಯ ಕೊನೇ ಲೆಕ್ಕ. ಬರುವ ಒಂದು ಪುಟದ ಲೆಕ್ಕದಲ್ಲಿ ಸಂಬಳ, ನೋಟಿಸ್ ಅವಧಿಯ ಹಣ, ಉಳಿದ ರಜೆಯ ಹಣ, ವೇರಿಯಬಲ್ ಪೇ (ಸಾಧನೆ ನೋಡಿ ಕೊಡುವ ಭಾಗ), ಗ್ರಾಚ್ಯುಟಿ (ಸೇವೆಯ ವರ್ಷಗಳಿಗೆ ತಕ್ಕಂತೆ ಕೊನೆಗೆ ಕೊಡುವ ಹಣ) ಎಲ್ಲ ಬೇರೆ ಬೇರೆ ಸಾಲಾಗಿ ಇವೆಯೇ ನೋಡಿ. 2025ರ ನವೆಂಬರ್ 21ರಂದು ಜಾರಿಗೆ ಬಂದ ವೇತನ ಸಂಹಿತೆಯ ಪ್ರಕಾರ, ಕೆಲಸದಿಂದ ತೆಗೆದರೂ ಬಿಟ್ಟರೂ ಬಾಕಿ ವೇತನವನ್ನು ಎರಡು ಕೆಲಸದ ದಿನಗಳೊಳಗೆ ಕೊಡಬೇಕು. "ನಮ್ಮಲ್ಲಿ 45 ದಿನ ಆಗುತ್ತೆ" ಎನ್ನುವುದು ಹಳೇ ರೂಢಿ.

ಗ್ರಾಚ್ಯುಟಿಯ ಲೆಕ್ಕ ಹೀಗೆ: ಕೊನೆಯ ವೇತನವನ್ನು 15ರಿಂದ ಗುಣಿಸಿ, 26ರಿಂದ ಭಾಗಿಸಿ, ಸೇವೆಯ ವರ್ಷಗಳಿಂದ ಗುಣಿಸಿ. ಆರು ತಿಂಗಳು ಮೀರಿದ ಕೊನೇ ತುಂಡು ವರ್ಷ ಪೂರ್ತಿ ವರ್ಷವಾಗುತ್ತದೆ. ವೇತನ 60,000 ಮತ್ತು ಸೇವೆ 6 ವರ್ಷ 8 ತಿಂಗಳಾದರೆ 7 ವರ್ಷದ ಲೆಕ್ಕದಲ್ಲಿ ಸುಮಾರು 2,42,300 ರೂಪಾಯಿ. ಕಾಯಂ ನೌಕರರಿಗೆ 5 ವರ್ಷದ ಸೇವೆ ಬೇಕು. ನಿಗದಿತ ಅವಧಿಗೆ ನೇಮಕವಾದವರಿಗೆ ಹೊಸ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ಒಂದು ವರ್ಷ ಸಾಕು. ಇದು ಎಷ್ಟೋ ಜನರಿಗೆ ಗೊತ್ತಿಲ್ಲ. ಇನ್ನೊಂದು ಸೂಕ್ಷ್ಮ: ಮೂಲ ವೇತನವನ್ನು ಚಿಕ್ಕದು ಮಾಡಿ ಭತ್ಯೆಗಳನ್ನು ಒಟ್ಟು ಸಂಬಳದ ಅರ್ಧಕ್ಕಿಂತ ಹೆಚ್ಚಿಟ್ಟಿದ್ದರೆ, ಅರ್ಧ ಮೀರಿದ ಭಾಗವೂ ಈಗ ವೇತನಕ್ಕೇ ಸೇರುತ್ತದೆ. ಎಕ್ಸೆಲ್‌ನಲ್ಲಿ ಈ ಲೆಕ್ಕ ಹಾಕಿಕೊಡಲು ನಿಮಗೆ ಹತ್ತು ನಿಮಿಷ ಸಾಕು. ಆಘಾತದಲ್ಲಿರುವವರಿಗೆ ಆ ಹತ್ತು ನಿಮಿಷದ ಕೆಲಸವೇ ಆಗುವುದಿಲ್ಲ.

ಪಿಎಫ್ ವಿಷಯದಲ್ಲಿ ಮೊದಲ ಸಲಹೆ: ತಕ್ಷಣ ತೆಗೆಯಬೇಡಿ. ಕೆಲಸ ಹೋದ ಮಾತ್ರಕ್ಕೆ ಬಡ್ಡಿ ನಿಲ್ಲುವುದಿಲ್ಲ. ಐದು ವರ್ಷದ ನಿರಂತರ ಸೇವೆ ಆಗುವ ಮೊದಲು ತೆಗೆದರೆ ತೆರಿಗೆ ಬೀಳಬಹುದು. ಹಳೇ ಕಂಪನಿಯ ಪಿಎಫ್ ವರ್ಗಾಯಿಸಿಕೊಂಡಿದ್ದರೆ ಅಲ್ಲಿನ ಸೇವೆಯೂ ಈ ಐದರಲ್ಲಿ ಸೇರುತ್ತದೆ. ತೆಗೆಯುವ ನಿಯಮಗಳನ್ನು ಬದಲಿಸಲು 2025ರ ಅಕ್ಟೋಬರ್‌ನಲ್ಲಿ ಪಿಎಫ್ ನೋಡಿಕೊಳ್ಳುವ ಸಂಸ್ಥೆ ಇಪಿಎಫ್‌ಒದ ಮಂಡಳಿ ತೀರ್ಮಾನಿಸಿದೆ. ಹಾಗಾಗಿ ಹಳೇ ಯೂಟ್ಯೂಬ್ ವಿಡಿಯೊ ನೋಡಿ "ಎರಡು ತಿಂಗಳಾದ್ಮೇಲೆ ಪೂರ್ತಿ ಬರುತ್ತೆ" ಎಂದು ಭರವಸೆ ಕೊಡಬೇಡಿ, ಆ ದಿನ ಪೋರ್ಟಲ್‌ನಲ್ಲಿ ಏನಿದೆಯೋ ಅದನ್ನೇ ನೋಡಿ. ಈಗ ಮಾಡಿಡಬೇಕಾದ್ದು ಆಧಾರ್, ಪ್ಯಾನ್, ಬ್ಯಾಂಕ್ ಖಾತೆ ಮೂರೂ ಯುಎಎನ್‌ಗೆ (ಪಿಎಫ್ ಸದಸ್ಯರ ಕಾಯಂ ಸಂಖ್ಯೆ) ಜೋಡಣೆಯಾಗಿವೆಯೇ, ಹೆಸರು ಮತ್ತು ಹುಟ್ಟಿದ ದಿನ ಮೂರರಲ್ಲೂ ಒಂದೇ ಥರ ಇವೆಯೇ ಎಂದು ನೋಡುವುದು. ಕಂಪನಿ ಬಿಟ್ಟ ದಿನಾಂಕವನ್ನು ಅವರು ಹಾಕದಿದ್ದರೆ ಎರಡು ತಿಂಗಳ ನಂತರ ಸದಸ್ಯರೇ ಪೋರ್ಟಲ್‌ನಲ್ಲಿ ಹಾಕಿಕೊಳ್ಳಬಹುದು.

ಸಂಬಳ ಬರುವುದು ನಿಂತ ಕೆಲ ತಿಂಗಳಿಗೆ ಸ್ಯಾಲರಿ ಅಕೌಂಟ್ ಮಾಮೂಲಿ ಉಳಿತಾಯ ಖಾತೆಯಾಗಿ, ಕನಿಷ್ಠ ಬಾಕಿ ಇಲ್ಲವೆಂದು ದಂಡ ಹಾಕಲು ಶುರುವಾಗಬಹುದು. ಇದನ್ನೂ ಒಂದು ಮಾತು ಹೇಳಿಡಿ.

ಇಎಂಐ, ಕೈಗಡ, ಚಂದಾ

ಮನೆ ಸಾಲ ಇದ್ದವರಿಗೆ ಒಂದೇ ಸಲಹೆ: ಕಂತು ತಪ್ಪುವ ಮೊದಲು ಬ್ಯಾಂಕಿಗೆ ಹೋಗಿ ಪತ್ರ ಕೊಡುವುದು. ಕಂತು ಬಾಕಿ 90 ದಿನ ದಾಟಿದರೆ ಸಾಲ ಎನ್‌ಪಿಎ (ವಸೂಲಾಗದ ಸಾಲ) ಎಂದು ಲೆಕ್ಕವಾಗುತ್ತದೆ, ಆಮೇಲೆ ಬ್ಯಾಂಕಿನವರ ದನಿಯೇ ಬೇರೆ. ಕ್ರೆಡಿಟ್ ಕಾರ್ಡಿನ ಕನಿಷ್ಠ ಮೊತ್ತವನ್ನಷ್ಟೇ ಕಟ್ಟುತ್ತ ಹೋಗುವುದು, ಮೊಬೈಲ್ ಸಾಲದ ಆ್ಯಪ್‌ಗಳ ಕಡೆ ಕೈಚಾಚುವುದು, ಈ ಎರಡನ್ನೂ ತಡೆಯಲು ಸಾಧ್ಯವಾದರೆ ನಿಮ್ಮ ಸ್ನೇಹ ಸಾರ್ಥಕ.

ನೀವೇ ದುಡ್ಡು ಕೊಡುವುದಾದರೆ, ವಾಪಸ್ ಬಾರದಿದ್ದರೂ ನಿಮ್ಮ ಮನೆ ನಡೆಯುವಷ್ಟನ್ನು ಮಾತ್ರ ಕೊಡಿ. ಕೇಳುವವರೆಗೆ ಕಾಯಬೇಡಿ, ಆದರೆ ಹೇಳುವ ರೀತಿ ನೋಡಿಕೊಳ್ಳಿ. "ಮಗಳ ಸ್ಕೂಲ್ ಫೀಸ್ ಜೂನ್‌ನಲ್ಲಿ ಅಲ್ವಾ ಸರ್? ಅದೊಂದನ್ನ ನಾನು ಕಟ್ಟಿರ್ತೀನಿ, ನೀವು ಸೇರಿಕೊಂಡು ಆರು ತಿಂಗಳಾದ್ಮೇಲೆ ಕೊಡಿ" ಎಂದರೆ ಸಾಲದ ಗಾತ್ರ, ಉದ್ದೇಶ, ಗಡುವು ಮೂರೂ ನಿಮ್ಮ ಬಾಯಿಂದಲೇ ಬಂದವು, ಅವರು ಕೈಯೊಡ್ಡಬೇಕಾಗಲಿಲ್ಲ. 20,000 ರೂಪಾಯಿ ಅಥವಾ ಹೆಚ್ಚಿನ ಸಾಲವನ್ನು ನಗದಾಗಿ ಪಡೆಯುವುದು ಆದಾಯ ತೆರಿಗೆ ಕಾನೂನಿನಲ್ಲಿ ನಿಷಿದ್ಧ, ಹಾಗಾಗಿ ಬ್ಯಾಂಕ್ ಮೂಲಕವೇ ಕೊಡಿ. ವಾಟ್ಸ್ಆ್ಯಪ್‌ನಲ್ಲಿ ಒಂದು ಸಾಲು ಬರೆದಿಡಿ.

ತಂಡದವರೆಲ್ಲ ಸೇರಿ ಚಂದಾ ಎತ್ತುವ ಯೋಚನೆ ಬಂದರೆ ಎರಡು ತೊಡಕು. ಗ್ರೂಪ್‌ನಲ್ಲಿ ಯಾರು ಎಷ್ಟು ಕೊಟ್ಟರೆಂದು ಪಟ್ಟಿ ಹಾಕಿದರೆ ಕೊಟ್ಟವರಿಗೂ ಕಸಿವಿಸಿ, ಪಡೆದವರಿಗೆ ಜನ್ಮದ ಮುಜುಗರ. ಎರಡನೆಯದು ತೆರಿಗೆ: ಬಂಧುಗಳಲ್ಲದವರಿಂದ ಒಂದು ಆರ್ಥಿಕ ವರ್ಷದಲ್ಲಿ ಬಂದ ಉಡುಗೊರೆ ಹಣ ಒಟ್ಟು 50,000 ದಾಟಿದರೆ, ದಾಟಿದ ಭಾಗಕ್ಕಷ್ಟೇ ಅಲ್ಲ, ಅಷ್ಟಕ್ಕೂ ತೆರಿಗೆ. ಒಬ್ಬರೇ ಸಂಗ್ರಹಿಸಿ, ಹೆಸರು ಹೇಳದೆ, ಬಾಡಿಗೆಯೋ ಫೀಸೋ ಒಂದು ಖರ್ಚಿಗೆ ಸಾಲದ ರೂಪದಲ್ಲಿ ಕೊಡುವುದೇ ವಾಸಿ.

ಭೇಟಿಯಾಗಲು ಕರೆದಾಗ ಬ್ರೂವರಿ ಬೇಡ. ಬಿಲ್ ನೀವು ಕೊಟ್ಟರೂ ಅವರಿಗೆ ಚುಚ್ಚುತ್ತದೆ, ಅವರೇ ಹಟ ಹಿಡಿದು ಕೊಟ್ಟರಂತೂ ಇನ್ನೂ ಕಷ್ಟ. ದರ್ಶಿನಿಯಲ್ಲಿ ನಿಂತು ಒಂದು ಬೈ-ಟೂ ಕಾಫಿ ಕುಡಿದರೆ ಯಾರ ಮರ್ಯಾದೆಗೂ ಧಕ್ಕೆ ಇಲ್ಲ.

ರೆಫರಲ್: ಫಾರ್ವರ್ಡ್ ಮಾಡುವುದಲ್ಲ

"ರೆಸ್ಯೂಮೆ ಕಳ್ಸಿ, ಎಚ್‌ಆರ್‌ಗೆ ಹಾಕ್ತೀನಿ" ಎಂದು ಇಸಿದುಕೊಂಡು, ಆಮೇಲೆ ಸುದ್ದಿಯೇ ಇಲ್ಲದಿರುವುದು ಕೆಲಸ ಹುಡುಕುವವರನ್ನು ಅತಿಹೆಚ್ಚು ಸೋಲಿಸುವ ವಿಷಯ. ರೆಫರಲ್, ಅಂದರೆ ಪರಿಚಯದವರ ಹೆಸರನ್ನು ಕೆಲಸಕ್ಕೆ ಶಿಫಾರಸು ಮಾಡುವುದು; ಹಾಕುವುದಾದರೆ ಹೀಗೆ ಮಾಡಿ.

ಮೊದಲು ಅವರೊಡನೆ ಅರ್ಧ ಗಂಟೆ ಕುಳಿತು, ನಿಮ್ಮ ಕಂಪನಿಯ ಅಥವಾ ನಿಮ್ಮ ಪರಿಚಯದ ಕಂಪನಿಗಳ ಉದ್ಯೋಗ ಪುಟದಿಂದ ಎರಡೋ ಮೂರೋ ಹುದ್ದೆ ಆರಿಸಿ. ಹತ್ತು ಹುದ್ದೆಗೆ ಒಂದೇ ರೆಸ್ಯೂಮೆ ಹಾಕಿದರೆ ಯಾವುದಕ್ಕೂ ಹೊಂದುವುದಿಲ್ಲ. ಹುದ್ದೆಯ ಸಂಖ್ಯೆ ಬರೆದುಕೊಳ್ಳಿ. ಅವರು ತಾವಾಗಿ ಅರ್ಜಿ ಹಾಕಿಬಿಟ್ಟರೆ ಕೆಲವು ಕಂಪನಿಗಳಲ್ಲಿ ಆಮೇಲೆ ರೆಫರಲ್ ಸೇರುವುದಿಲ್ಲ, ಆದ್ದರಿಂದ ನೀವು ಹಾಕುವವರೆಗೆ ತಡೆಯಲು ಹೇಳಿ. ರೆಸ್ಯೂಮೆ ಎರಡು ಪುಟದ ಪಿಡಿಎಫ್ ಆಗಿರಲಿ, ಫೋಟೊ, ತಂದೆಯ ಹೆಸರು, ಆಧಾರ್ ಸಂಖ್ಯೆ ಯಾವುದೂ ಬೇಡ.

ಆಮೇಲೆ ನೇಮಕಾತಿ ಮಾಡುವ ಮ್ಯಾನೇಜರ್‌ಗೆ ನಾಲ್ಕು ಸಾಲು ನೀವೇ ಬರೆಯಿರಿ. "ಒಳ್ಳೇ ವ್ಯಕ್ತಿ, ಕಷ್ಟಪಟ್ಟು ಕೆಲಸ ಮಾಡ್ತಾರೆ" ಎಂದು ಬರೆದರೆ ಏನೂ ಬರೆಯದಿದ್ದಂತೆ. ಅವರು ಕೈಯಾರೆ ಮಾಡಿದ ಒಂದು ಕೆಲಸವನ್ನು ಹೆಸರಿಸಿ: "ಪೇಮೆಂಟ್ ಸೇವೆಯನ್ನು ಹೊಸ ಡೇಟಾಬೇಸ್‌ಗೆ ಸಾಗಿಸುವ ಕೆಲಸವನ್ನು ಮೂರು ಜನರ ತಂಡದಲ್ಲಿ ಇವರು ಮುನ್ನಡೆಸಿದರು. ನಾನು ಪಕ್ಕದ ತಂಡದಲ್ಲಿದ್ದು ನೋಡಿದ್ದೇನೆ." ನೋಡದೇ ಇದ್ದದ್ದನ್ನು ಬರೆಯಬೇಡಿ. ಕೊನೆಯದು: ಏಳು ದಿನಕ್ಕೊಮ್ಮೆ ನೀವೇ ವಿಚಾರಿಸಿ ತಿಳಿಸಿ. "ಇಲ್ಲ ಅಂದ್ರು" ಎನ್ನುವುದನ್ನೂ ತಿಳಿಸಿ. ಇಲ್ಲ ಎಂಬುದು ಗೊತ್ತಾದರೆ ಮುಂದಿನದರ ಕಡೆ ಹೋಗಬಹುದು, ಗೊತ್ತಾಗದಿದ್ದರೆ ಫೋನ್ ನೋಡುತ್ತಲೇ ದಿನ ಹೋಗುತ್ತದೆ. ರೆಫರಲ್ ಬೋನಸ್ ಬಂದರೆ ಏನು ಮಾಡುವುದೆಂದು ನಿಮಗೆ ಬಿಟ್ಟದ್ದು, ಆದರೆ ಅದು ಬರುತ್ತದೆಂಬುದನ್ನು ಮುಚ್ಚಿಡಬೇಡಿ.

ಅಣಕು ಸಂದರ್ಶನ ಮಾಡಿಕೊಡುವುದಾದರೆ ವಾರಕ್ಕೊಂದು, 45 ನಿಮಿಷ, ಕ್ಯಾಮೆರಾ ಹಾಕಿಕೊಂಡೇ. "ಯಾಕೆ ಬಿಟ್ಟಿರಿ?" ಎಂಬ ಪ್ರಶ್ನೆಯನ್ನು ಪ್ರತಿ ಸಲವೂ ಕೇಳಿ, ಎರಡು ವಾಕ್ಯದಲ್ಲಿ ಹೇಳಿ ಮುಗಿಸುವುದು ರೂಢಿಯಾಗುವವರೆಗೆ. ಈ ಉತ್ತರ ಉದ್ದವಾದಷ್ಟೂ ಸಂದರ್ಶನ ಮಾಡುವವರ ಅನುಮಾನ ಬೆಳೆಯುತ್ತದೆ.

ನೋಂದಣಿ ಶುಲ್ಕ ಕೇಳುವ ಕನ್ಸಲ್ಟೆನ್ಸಿ, "ಬ್ಯಾಕ್‌ಡೋರ್" ಕೆಲಸ, ಖಾಲಿ ತಿಂಗಳುಗಳನ್ನು ಮುಚ್ಚಲು ಸುಳ್ಳು ಅನುಭವ ಪತ್ರ, ಇವೆಲ್ಲ ಇಂಥ ಕಾಲದಲ್ಲೇ ಬಾಗಿಲಿಗೆ ಬರುತ್ತವೆ. ಪಿಎಫ್ ಖಾತೆಯ ಸೇವಾ ಇತಿಹಾಸದಲ್ಲಿ ಯಾವ ತಿಂಗಳು ಎಲ್ಲಿದ್ದರೆಂದು ಇರುತ್ತದೆ, ಬ್ಯಾಕ್‌ಗ್ರೌಂಡ್ ವೆರಿಫಿಕೇಶನ್‌ನವರು ಅದನ್ನೇ ಕೇಳುತ್ತಾರೆ. ಖಾಲಿ ಆರು ತಿಂಗಳಿಗೆ ವಿವರಣೆ ಕೊಡಬಹುದು, ಸುಳ್ಳು ಪತ್ರಕ್ಕೆ ಕೊಡಲಾಗದು.

ಕೆಲಸದಲ್ಲಿದ್ದೇ ಒದ್ದಾಡುವವರು

ಪ್ರಾಜೆಕ್ಟ್ ಇಲ್ಲದೆ ಬೆಂಚ್ ಮೇಲಿರುವವರು, ಪಿಐಪಿ (ಇಷ್ಟು ದಿನದಲ್ಲಿ ಕೆಲಸ ಸುಧಾರಿಸಿಕೊಳ್ಳಿ ಎಂಬ ಲಿಖಿತ ಗಡುವು) ಹಾಕಿಸಿಕೊಂಡವರು, ಹೋದ ಮೂವರ ಕೆಲಸ ಒಬ್ಬರೇ ಹೊತ್ತವರು. ಇವರ ಬಗ್ಗೆ ಯಾರೂ ಪೋಸ್ಟ್ ಹಾಕುವುದಿಲ್ಲ.

ಪಿಐಪಿಯಲ್ಲಿರುವವರಿಗೆ ಸಮಾಧಾನಕ್ಕಿಂತ ದಾಖಲೆ ಬೇಕು. ಗುರಿಗಳನ್ನು ಅಳೆಯಬಹುದಾದ ರೂಪದಲ್ಲಿ ಬರೆಸಿಕೊಳ್ಳಲು ಹೇಳಿ. "ಸಂವಹನ ಸುಧಾರಿಸಬೇಕು" ಎಂಬುದು ಗುರಿಯಲ್ಲ, "ಪ್ರತಿ ಶುಕ್ರವಾರ ಸ್ಥಿತಿ ವರದಿ" ಎಂಬುದು ಗುರಿ. ವಾರದ ಕೊನೆಗೆ ಮ್ಯಾನೇಜರ್‌ಗೆ ಐದು ಸಾಲಿನ ಇಮೇಲ್ ಹೋಗಲಿ. ನಿಮ್ಮ ಕೆಲಸಕ್ಕೆ ಅವರಿಂದ ನೆರವು ಸಿಕ್ಕಿದ್ದರೆ ಅದನ್ನು ಅವರ ಮ್ಯಾನೇಜರ್‌ಗೆ ಲಿಖಿತವಾಗಿ ತಿಳಿಸಿ, ಸುಳ್ಳಿಲ್ಲದೆ. ಜೊತೆಗೇ ಹೊರಗಡೆ ಹುಡುಕಲು ಶುರು ಮಾಡಿ ಎಂದೂ ಹೇಳಿ. ಪಿಐಪಿ ಎಂದರೆ ಎಷ್ಟೋ ಕಡೆ ತೀರ್ಮಾನ ಆಗಿಹೋದ ಮೇಲಿನ ಕಾಗದ.

ನೀವೇ ಮ್ಯಾನೇಜರ್ ಆಗಿದ್ದು ಸುದ್ದಿ ಹೇಳಬೇಕಾಗಿ ಬಂದರೆ: ಮೊದಲ ಎರಡು ವಾಕ್ಯದಲ್ಲೇ ಹೇಳಿಬಿಡಿ. ಹವಾಮಾನ, ಟ್ರಾಫಿಕ್ ಎಂದು ಪೀಠಿಕೆ ಹಾಕಬೇಡಿ. "ನಂಗೂ ರಾತ್ರಿಯೆಲ್ಲ ನಿದ್ದೆ ಬಂದಿಲ್ಲ" ಎನ್ನಬೇಡಿ, ಅವರು ನಿಮಗೆ ಸಮಾಧಾನ ಹೇಳುವಂತಾಗಬಾರದು. ಶುಕ್ರವಾರ ಸಂಜೆ ಹೇಳಿದರೆ ಎರಡು ದಿನ ಎಚ್‌ಆರ್, ಬ್ಯಾಂಕ್ ಯಾರೂ ಸಿಗುವುದಿಲ್ಲ, ವಾರದ ಮೊದಲರ್ಧದಲ್ಲಿ ಬೆಳಿಗ್ಗೆ ಹೇಳಿ. ತಂಡಕ್ಕೆ ವಿದಾಯದ ಇಮೇಲ್ ಬರೆಯಲು ಅವಕಾಶ ಕೊಡಿ. ಹೊಸ ಕಂಪನಿಯವರು ಅವರ ಬಗ್ಗೆ ವಿಚಾರಿಸಲು ಫೋನ್ ಮಾಡಿದರೆ ಎತ್ತುತ್ತೇನೆಂದು ಹೇಳಿ, ಎತ್ತಿ. ಉಳಿದ ತಂಡಕ್ಕೆ ಹೋದವರ ಕೆಲಸವನ್ನು ಹಂಚುವಾಗ, ಯಾವ ಕೆಲಸ ಇನ್ನು ಮಾಡುವುದಿಲ್ಲ ಎಂಬ ಪಟ್ಟಿಯನ್ನೂ ಅದೇ ದಿನ ಕೊಡಿ.

ಟೆಕ್ ಪಾರ್ಕ್‌ನ ಒಂದು ಮಹಡಿ ಖಾಲಿಯಾದರೆ ಹೌಸ್‌ಕೀಪಿಂಗ್, ಸೆಕ್ಯುರಿಟಿ, ಕ್ಯಾಂಟೀನ್‌ನವರ ಕೆಲಸವೂ ಹೋಗುತ್ತದೆ, ಅವರಿಗೆ ಸೆವರೆನ್ಸ್ (ಕೆಲಸದಿಂದ ತೆಗೆಯುವಾಗ ಕೊಡುವ ಪರಿಹಾರದ ಹಣ) ಎಂಬ ಪದವೇ ಇಲ್ಲ. ತಿಂಗಳಿಗೆ 21,000 ರೂಪಾಯಿವರೆಗಿನ ವೇತನದವರಿಗೆ ಇಎಸ್‌ಐ (ಕಾರ್ಮಿಕರ ರಾಜ್ಯ ವಿಮೆ) ಇರುತ್ತದೆ. ಅದರಲ್ಲಿ ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ ಯೋಜನೆಯಡಿ, ಅರ್ಹರಾದವರಿಗೆ ಸರಾಸರಿ ದಿನವೇತನದ ಅರ್ಧದಷ್ಟು, ಜೀವಮಾನದಲ್ಲಿ ಒಮ್ಮೆ, 90 ದಿನದವರೆಗೆ ಭತ್ಯೆ ಕೊಡುತ್ತ ಬಂದಿದ್ದಾರೆ. ಯೋಜನೆಯನ್ನು ಅವಧಿ ಅವಧಿಗೆ ವಿಸ್ತರಿಸುವುದರಿಂದ ಅರ್ಜಿಗೆ ಮೊದಲು ಇಎಸ್‌ಐ ಶಾಖೆಯಲ್ಲಿ ಕೇಳಬೇಕು. ಆನ್‌ಲೈನ್ ಅರ್ಜಿ ತುಂಬಿಕೊಡುವುದು, ಗುತ್ತಿಗೆದಾರರು ಪಿಎಫ್ ಕಟ್ಟಿದ್ದಾರೆಯೇ ಎಂದು ಪಾಸ್‌ಬುಕ್ ತೆಗೆದು ತೋರಿಸುವುದು, ಇಷ್ಟು ನಿಮ್ಮಿಂದ ಆಗುತ್ತದೆ.

ಅಮೆರಿಕದಲ್ಲಿರುವ ಸ್ನೇಹಿತರಿಗೆ

ಎಚ್-1ಬಿ ಎಂಬ ಕೆಲಸದ ವೀಸಾದಲ್ಲಿದ್ದು ಕೆಲಸ ಹೋದರೆ ಅಲ್ಲಿ ಉಳಿಯಲು 60 ದಿನಗಳವರೆಗೆ ಅವಕಾಶ, ಐ-94 (ಎಲ್ಲಿಯವರೆಗೆ ಇರಬಹುದೆಂಬ ದಾಖಲೆ) ಅದಕ್ಕೂ ಮುಂಚೆ ಮುಗಿಯುವುದಾದರೆ ಅಲ್ಲಿಯವರೆಗೆ ಅಷ್ಟೇ. ಎಣಿಕೆ ಕೆಲಸ ಮುಗಿದ ದಿನದಿಂದ, ಸೆವರೆನ್ಸ್ ಹಣ ಬರುವುದು ನಿಂತ ದಿನದಿಂದಲ್ಲ. ಈ ತಪ್ಪು ತಿಳಿವಳಿಕೆಯಿಂದ ವಾರಗಳು ವ್ಯರ್ಥವಾಗುತ್ತವೆ. ಅಷ್ಟರೊಳಗೆ ಹೊಸ ಕಂಪನಿ ಅರ್ಜಿ ಸಲ್ಲಿಸಬೇಕು, ಇಲ್ಲವೇ ಸಂಗಾತಿಯ ವೀಸಾದ ಮೇಲೆ ಅವಲಂಬಿತರಾಗಿ ಅಥವಾ ಸಂದರ್ಶಕರಾಗಿ ಸ್ಥಿತಿ ಬದಲಿಸಲು ಅರ್ಜಿ ಹಾಕಬೇಕು, ಅಥವಾ ಹೊರಡಬೇಕು. ಬೆಂಗಳೂರಿನಲ್ಲಿ ಕುಳಿತ ನೀವು ಕಾನೂನು ಸಲಹೆ ಕೊಡಬೇಡಿ, ವಲಸೆ ವಕೀಲರ ಕೆಲಸ ಅದು. ಬದಲಿಗೆ, ಬರಬೇಕಾಗಿ ಬಂದರೆ ಮಕ್ಕಳಿಗೆ ವರ್ಷದ ನಡುವೆ ಸೀಟು ಕೊಡುವ ಶಾಲೆಗಳನ್ನು ವಿಚಾರಿಸಿ ಒಂದು ಪಟ್ಟಿ ಮಾಡಿಡಿ, ಅವರ ಅಪ್ಪ ಅಮ್ಮನ ಮನೆಗೆ ಒಮ್ಮೆ ಹೋಗಿಬನ್ನಿ.

ಮೂರನೇ ತಿಂಗಳು

ಮೊದಲ ವಾರ ಐವತ್ತು ಫೋನ್ ಬರುತ್ತವೆ, ಮೂರನೇ ತಿಂಗಳಲ್ಲಿ ಒಂದೂ ಬರುವುದಿಲ್ಲ. ಸೆವರೆನ್ಸ್ ಹಣ ಕರಗುವುದೂ ಆಗಲೇ. ಫೋನಿನ ಕ್ಯಾಲೆಂಡರ್‌ನಲ್ಲಿ 30, 60, 90, 150ನೇ ದಿನಕ್ಕೆ ಅವರ ಹೆಸರು ಹಾಕಿಟ್ಟುಕೊಳ್ಳಿ. ಫೋನ್ ಮಾಡಿದಾಗ "ಏನಾಯ್ತು, ಸಿಕ್ತಾ?" ಎಂದು ಶುರು ಮಾಡಬೇಡಿ. ಕ್ರಿಕೆಟ್, ಮಳೆ, ಮಗುವಿನ ಶಾಲೆ ಮಾತಾಡಿ. ಕೆಲಸದ ಮಾತು ಅವರೇ ತಂದರೆ ಬರಲಿ.

ಆದರೆ ಕೆಲವನ್ನು ಗಮನಿಸಿ: ಫೋನ್ ಎತ್ತುವುದನ್ನೇ ನಿಲ್ಲಿಸುವುದು, ಹಗಲು ರಾತ್ರಿ ಅದಲು ಬದಲಾಗುವುದು, ಕುಡಿತ ಹೆಚ್ಚುವುದು, "ನಾನಿದ್ದರೆ ಎಲ್ಲರಿಗೂ ಭಾರ" ಎಂಬಂಥ ಮಾತು, ವಸ್ತುಗಳನ್ನು ಹಂಚಿಬಿಡುವುದು, ವಿಮೆ ಮತ್ತು ನಾಮಿನಿ ಕಾಗದಗಳನ್ನು ತಟ್ಟನೆ ಜೋಡಿಸಿಡುವುದು. ಅನುಮಾನ ಬಂದರೆ ನೇರವಾಗಿ ಕೇಳಿ: "ಸಾಯಬೇಕು ಅನ್ನೋ ಯೋಚನೆ ಬರ್ತಿದ್ಯಾ?" ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ, ಹೇಳಿಕೊಳ್ಳಲು ಬಾಗಿಲು ತೆರೆಯುತ್ತದೆ. ಹೌದು ಎಂದರೆ ಒಂಟಿಯಾಗಿ ಬಿಡಬೇಡಿ. ಟೆಲಿ-ಮಾನಸ್ 14416ಕ್ಕೆ ದಿನದ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ. ಅಪಾಯ ಕಣ್ಣೆದುರೇ ಇದ್ದರೆ 112. ಮನೆಯವರಿಗೆ ಹೇಳಬಾರದೆಂಬ ಮೇಲಿನ ನಿಯಮ ಇಲ್ಲಿ ಅನ್ವಯಿಸುವುದಿಲ್ಲ.

ಆಫರ್ ಬಂದ ಮೇಲೆ

ಹಾರೈಸಿ ಬಿಟ್ಟುಬಿಡಬೇಡಿ, ಇನ್ನೆರಡು ಕಾಗದದ ಕೆಲಸ ಇದೆ. ಹೊಸ ಕಂಪನಿಗೆ ಹಳೇ ಯುಎಎನ್ ಸಂಖ್ಯೆಯನ್ನೇ ಕೊಡಬೇಕು, ಹೊಸದು ಮಾಡಿಸಬಾರದು. ಅದೇ ಆರ್ಥಿಕ ವರ್ಷದಲ್ಲಿ ಹಳೇ ಕಂಪನಿಯಿಂದ ಬಂದ ಸಂಬಳ, ಸೆವರೆನ್ಸ್, ಕಡಿತವಾದ ತೆರಿಗೆಯ ವಿವರವನ್ನು ಹೊಸ ಎಚ್‌ಆರ್‌ಗೆ ಕೊಡಬೇಕು. ಕೊಡದಿದ್ದರೆ ಎರಡೂ ಕಡೆ ತೆರಿಗೆಯ ಕೆಳಹಂತಗಳ ಲಾಭ ಎರಡು ಸಲ ಲೆಕ್ಕವಾಗಿ, ರಿಟರ್ನ್ ಸಲ್ಲಿಸುವಾಗ ದೊಡ್ಡ ಮೊತ್ತ ಒಮ್ಮೆಲೇ ಕಟ್ಟಬೇಕಾಗುತ್ತದೆ. ಹೊಸ ಗುಂಪು ವಿಮೆ ಬಂತೆಂದು, ನಡುವೆ ಕಷ್ಟಪಟ್ಟು ತೆಗೆದ ವೈಯಕ್ತಿಕ ಪಾಲಿಸಿಯನ್ನು ನಿಲ್ಲಿಸಲು ಬಿಡಬೇಡಿ.

ನೀವು ಕೊಟ್ಟ ಕೈಗಡದ ಮಾತನ್ನು ಗಡುವಿಗೆ ಮುಂಚೆ ಎತ್ತಬೇಡಿ. ಮೊದಲ ಎರಡು ತಿಂಗಳ ಸಂಬಳ ಹಳೇ ಬಾಕಿಗಳಿಗೇ ಹೋಗುತ್ತದೆ.